ಹಳೆಯ ಗೆರೆ ಅಳಿಸಬೇಡಿ

(ಚಿಕ್ಕಬಳ್ಳಾಪುರದಲ್ಲಿ ಅಂತಿಮ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮತ್ತು ಕೆರೆ ಕೆಲಸದಲ್ಲಿ ತೊಡಗಿರುವ ಯುವಕ ಯುವತಿಯರ ಮುಂದೆ ಆಡಿದ ಮಾತಿನ ಬರಹ ರೂಪ)

ಮೊದಲು ಒಂದು ಪ್ರಶ್ನೆ ಕೇಳ್ತೀನಿ. ನಿಮ್ಮ ಪ್ರಾಜೆಕ್ಟ್ ಸಿನಾಪ್ಸಿಸ್‌ನ ಕೊನೇ ಪುಟದಲ್ಲಿ ಒಂದು ಬಾರ್ ಚಾರ್ಟ್ ಹಾಕಿರ್ತೀರಿ. ಮೇಲೆ ತಿಂಗಳುಗಳು, ಎಡಗಡೆ ಕೆಲಸಗಳ ಹೆಸರು, ನಡುವೆ ಬಣ್ಣದ ಪಟ್ಟಿಗಳು. ಹಾಕಿದವರು ಕೈ ಎತ್ತಿ. ಹೆಚ್ಚು ಕಡಿಮೆ ಎಲ್ಲರೂ. ಸರಿ, ಸಿನಾಪ್ಸಿಸ್ ಕೊಟ್ಟ ಮೇಲೆ ಆ ಪುಟವನ್ನು ಇನ್ನೊಂದು ಸಲ ತೆಗೆದು ನೋಡಿದವರು? ಮೂರೇ ಕೈ.

ಕೈ ಎತ್ತದವರನ್ನು ನಾನು ಬೈಯುವುದಿಲ್ಲ. ಆ ಚಾರ್ಟನ್ನು ನೀವು ಬರೆದದ್ದೇ ಒಪ್ಪಿಸುವುದಕ್ಕೆ. ಒಪ್ಪಿಸಿದ ಮೇಲೆ ಅದರ ಕೆಲಸ ಮುಗಿಯಿತು. ಸರ್ಕಾರಿ ಕಾಮಗಾರಿಗಳ ಕಡತದಲ್ಲೂ ಇಂಥ ಚಾರ್ಟ್ ಇರುತ್ತದೆ, ಸ್ವಯಂಸೇವಾ ಸಂಸ್ಥೆಗಳ ಅರ್ಜಿಗಳಲ್ಲೂ ಇರುತ್ತದೆ. ನಾನು ಇವತ್ತು ಮಾತಾಡಬೇಕು ಅಂತ ಬಂದಿರುವುದು ಬೇರೆ ಥರದ ಚಾರ್ಟಿನ ಬಗ್ಗೆ. ಕೆಲಸ ಮಾಡುವವರು ತಮಗಾಗಿ ಬರೆದುಕೊಂಡು, ಗೋಡೆಗೆ ಅಂಟಿಸಿ, ವಾರ ವಾರ ಅದರ ಮುಂದೆ ನಿಲ್ಲುವಂಥದ್ದು.

ಇದನ್ನು ನಾನು ಮೊದಲು ನೋಡಿದ್ದು ನಮ್ಮ ಮನೆಯಲ್ಲೇ. ನಮ್ಮದು ಶಿಡ್ಲಘಟ್ಟದ ಕಡೆ ಹಳ್ಳಿ, ರೇಷ್ಮೆ ಮನೆತನ. ಅಡುಗೆಮನೆ ಬಾಗಿಲ ಪಕ್ಕ ಒಂದು ಗೋಡೆ ಕ್ಯಾಲೆಂಡರ್, ಅದಕ್ಕೆ ದಾರದಲ್ಲಿ ಕಟ್ಟಿದ ಕೆಂಪು ಪೆನ್ಸಿಲ್. ಚಾಕಿ ಹುಳು, ಅಂದರೆ ಎಳೆಯ ಹುಳು, ಮನೆಗೆ ಬಂದ ದಿನ ಅಮ್ಮ ಆ ತಾರೀಖಿಗೆ ಒಂದು ಸುತ್ತು ಹಾಕುತ್ತಿದ್ದಳು. ಅಲ್ಲಿಂದ ಬೆರಳಲ್ಲಿ ಎಣಿಸಿ ಮೂರನೇ ಜ್ವರಕ್ಕೆ ಒಂದು ಚುಕ್ಕಿ, ನಾಲ್ಕನೇ ಜ್ವರಕ್ಕೆ ಒಂದು ಚುಕ್ಕಿ, ಹುಳು ಹಣ್ಣಾಗುವ, ಅಂದರೆ ಗೂಡು ಕಟ್ಟಲು ಸಿದ್ಧವಾಗುವ, ದಿನಕ್ಕೆ ಒಂದು ಅಡ್ಡಗೆರೆ, ಗೂಡು ಬಿಡಿಸುವ ದಿನಕ್ಕೆ ಎರಡು. ರೇಷ್ಮೆ ಗೊತ್ತಿಲ್ಲದವರಿಗೆ ಹೇಳಬೇಕು, ಜ್ವರ ಅಂದರೆ ಕಾಯಿಲೆಯಲ್ಲ. ಹುಳು ಪೊರೆ ಬಿಡುವ ಹೊತ್ತು. ಒಂದು ದಿನದ ಮಟ್ಟಿಗೆ ತಲೆಯೆತ್ತಿ ಸುಮ್ಮನೆ ಕೂತಿರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಮೊಟ್ಟೆ ಒಡೆದು ಗೂಡು ಕಟ್ಟುವವರೆಗೆ ನಾಲ್ಕು ಜ್ವರ. ಮೊದಲ ಎರಡು ಚಾಕಿ ಕೇಂದ್ರದಲ್ಲೇ ಕಳೆದಿರುತ್ತವೆ. ಎಲ್ಲ ಸೇರಿ ಸುಮಾರು ಇಪ್ಪತ್ತೈದು, ಇಪ್ಪತ್ತೆಂಟು ದಿನದ ಲೆಕ್ಕ.

ಈ ಲೆಕ್ಕ ಚಳಿಗಾಲದಲ್ಲಿ ತಪ್ಪುತ್ತದೆ. ಡಿಸೆಂಬರ್‌, ಜನವರಿಯಲ್ಲಿ ನಂದಿಬೆಟ್ಟದ ಕಡೆಯಿಂದ ಬೀಸುವ ಗಾಳಿಗೆ ಹುಳು ಮಂಕಾಗುತ್ತದೆ, ಜ್ವರ ಏಳುವುದು ತಡ, ಹಣ್ಣಾಗುವುದೂ ತಡ. ಆಗ ಅಮ್ಮ ಮೊದಲು ಹಾಕಿದ ಚುಕ್ಕಿಯನ್ನು ಅಳಿಸುತ್ತಿರಲಿಲ್ಲ. ಹುಳು ನಿಜವಾಗಿ ಜ್ವರ ಎದ್ದ ದಿನಕ್ಕೆ ಪಕ್ಕದಲ್ಲಿ ಇನ್ನೊಂದು ಚುಕ್ಕಿ ಇಡುತ್ತಿದ್ದಳು. ವರ್ಷ ಮುಗಿದ ಮೇಲೆ ಕ್ಯಾಲೆಂಡರನ್ನು ಒಲೆಗೂ ಹಾಕುತ್ತಿರಲಿಲ್ಲ, ಅಟ್ಟದ ಮೇಲೆ ಸುತ್ತಿ ಇಡುತ್ತಿದ್ದಳು. ಮುಂದಿನ ಡಿಸೆಂಬರ್‌ನಲ್ಲಿ ಹಳೆಯದನ್ನು ಇಳಿಸಿ, ಎರಡು ಚುಕ್ಕಿಗಳ ನಡುವೆ ಎಷ್ಟು ಮನೆ ಇದೆ ಅಂತ ನೋಡಿ, ಹೊಸ ಲೆಕ್ಕಕ್ಕೆ ಅಷ್ಟು ಸೇರಿಸುತ್ತಿದ್ದಳು. ಆ ವಿದ್ಯೆ ಎಷ್ಟು ದೊಡ್ಡದು ಅಂತ ನನಗೆ ತಿಳಿಯುವ ಹೊತ್ತಿಗೆ ನಾನು ಒಂದು ಕೆರೆಯ ನೀರು ಕಳೆದಿದ್ದೆ. ಆ ಕತೆಗೆ ಬರ್ತೀನಿ.

ಅದಕ್ಕೆ ಮುಂಚೆ ಸ್ವಲ್ಪ ಇತಿಹಾಸ, ಬೇಗ ಮುಗಿಸ್ತೀನಿ. ಕಾಲವನ್ನು ಗೆರೆಯಾಗಿ ಬರೆಯುವುದು ಇಂಗ್ಲೆಂಡಿನಲ್ಲಿ ಮನೆಮಾತಾಗಿದ್ದು ಜೋಸೆಫ್ ಪ್ರೀಸ್ಟ್ಲಿಯಿಂದ. ಆಮ್ಲಜನಕದ ಪಾಠದಲ್ಲಿ ನೀವು ಓದಿರುವ ಅದೇ ಪ್ರೀಸ್ಟ್ಲಿ. 1765ರಲ್ಲಿ ಸುಮಾರು 2,000 ಪ್ರಸಿದ್ಧರ ಬಾಳನ್ನು ಒಂದೊಂದು ಗೆರೆಯಾಗಿ ಒಂದೇ ದೊಡ್ಡ ಹಾಳೆಯಲ್ಲಿ ಎಳೆದ. ಯಾರು ಯಾರ ಕಾಲದವರು ಅನ್ನುವುದು ಓದದೆಯೇ ಕಣ್ಣಿಗೆ ಕಾಣುತ್ತಿತ್ತು. ಕಾರ್ಖಾನೆಯ ಕೆಲಸಕ್ಕೆ ಈ ಗೆರೆಯನ್ನು ತಂದವರಲ್ಲಿ ಎಲ್ಲರೂ ಹೇಳುವ ಹೆಸರು ಅಮೆರಿಕದ ಹೆನ್ರಿ ಗ್ಯಾಂಟ್. 1910ರ ದಶಕದಲ್ಲಿ ಆತನ ಚಾರ್ಟ್‌ಗಳು ಬಳಕೆಗೆ ಬಂದವು, ಹೆಸರೂ ಆತನದೇ ಉಳಿಯಿತು. ಆದರೆ ಪೋಲೆಂಡಿನ ಎಂಜಿನಿಯರ್ ಕರೋಲ್ ಅಡಾಮಿಯೆಟ್ಸ್ಕಿ 1896ರಲ್ಲೇ ಉಕ್ಕಿನ ಕಾರ್ಖಾನೆಗೆ ಇಂಥದ್ದೊಂದನ್ನು ಮಾಡಿಕೊಂಡಿದ್ದ. ಇಂಗ್ಲಿಷ್‌ನಲ್ಲಿ ಬರೆಯಲಿಲ್ಲವಾದ್ದರಿಂದ ಹೊರಗೆ ಗೊತ್ತಾಗಲಿಲ್ಲ. ನನಗೆ ಅವನದೇ ಹೆಚ್ಚು ಇಷ್ಟ. ಯಾಕೆಂದರೆ ಅವನ ಪದ್ಧತಿಯಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಕಾಗದದ ಪಟ್ಟಿ, ಅದರ ಮೇಲೆ ಈ ಕೆಲಸ ಯಾವುದರಿಂದ ಬರುತ್ತದೆ, ಮುಗಿದ ಮೇಲೆ ಯಾವುದಕ್ಕೆ ಹೋಗುತ್ತದೆ ಅಂತ ಬರೆದಿರಬೇಕು. ಬರೀ ಪಟ್ಟಿ ಅಲ್ಲ, ಕೊಡು-ಕೊಳ್ಳುವುದರ ಲೆಕ್ಕ. 1957ರಲ್ಲಿ ಡ್ಯುಪಾಂಟ್ ಕಂಪನಿ ರೂಪಿಸಿದ ಕ್ರಿಟಿಕಲ್ ಪಾತ್ ವಿಧಾನ, ಮರುವರ್ಷ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ಬಳಸಿದ ಪರ್ಟ್ ಅನ್ನುವ ಯೋಜನಾ ವಿಧಾನ, ಎರಡರ ಜೀವಾಳವೂ ಇದೇ ಕೊಡು-ಕೊಳ್ಳುವುದು.

ಇನ್ನು ಕೆರೆಯ ಕತೆ.

ನಮ್ಮದು ನದಿ ಹುಟ್ಟುವ ಸೀಮೆ. ಪಾಲಾರ್, ಪೆನ್ನಾರ್, ಅರ್ಕಾವತಿ ಎಲ್ಲ ಈ ಬೆಟ್ಟಗಳ ಸುತ್ತಲೇ ಹುಟ್ಟುತ್ತವೆ. ಆದರೆ ವರ್ಷವಿಡೀ ಹರಿಯುವ ಒಂದು ನದಿಯೂ ನಮಗಿಲ್ಲ. ನಮಗಿರುವುದು ಕೆರೆ. ನಾನು ಆಗ ಒಂದು ಸಣ್ಣ ಸಂಸ್ಥೆಯಲ್ಲಿ ಸಂಯೋಜಕಿ, ಒಂದು ಹಳ್ಳಿಯ ಕೆರೆ ದುರಸ್ತಿ ನನ್ನ ಹೊಣೆ. ಜಾಲಿ ಕಡಿಯಬೇಕು, ಅಂಗಳದ ಹೂಳೆತ್ತಬೇಕು, ಏರಿ ಸರಿ ಮಾಡಬೇಕು, ಪೋಷಕ ಕಾಲುವೆ ಬಿಡಿಸಬೇಕು, ತೂಬಿಗೆ, ಅಂದರೆ ಕೆರೆಯ ನೀರು ಹೊರಬಿಡುವ ಕಿಂಡಿಗೆ, ಹೊಸ ಬಾಗಿಲು ಕೂರಿಸಬೇಕು, ಹೆಚ್ಚಾದ ನೀರು ಹರಿದುಹೋಗುವ ಕೋಡಿಯ ಕಲ್ಲು ಕಟ್ಟಬೇಕು. ಎಲ್ಲ ದೊಡ್ಡ ಮಳೆಗೆ ಮುಂಚೆ. ನಮ್ಮ ಕಡೆ ದೊಡ್ಡ ಮಳೆ ಅಂದರೆ ಜೂನ್ ಅಲ್ಲ, ಸೆಪ್ಟೆಂಬರ್ ಮತ್ತು ಅಕ್ಟೋಬರ್.

ನಾನು ಲ್ಯಾಪ್‌ಟಾಪ್‌ನಲ್ಲಿ ಎಕ್ಸೆಲ್ ಹಾಳೆ ಮಾಡಿದೆ. ಆರು ಕೆಲಸ, ಆರು ಬಣ್ಣದ ಪಟ್ಟಿ. ಪ್ರತಿ ಶನಿವಾರ ತೆರೆದು, ಯಾವ ಕೆಲಸ ಶುರುವಾಗಿಲ್ಲವೋ ಅದರ ಪಟ್ಟಿಯನ್ನು ಒಂದು ವಾರ ಮುಂದಕ್ಕೆ ಎಳೆಯುತ್ತಿದ್ದೆ. ಎಳೆದು ಉಳಿಸಿ, ಹಣ ಕೊಟ್ಟವರಿಗೆ ಮೇಲ್ ಮಾಡುತ್ತಿದ್ದೆ. ಹಾಳೆ ಯಾವಾಗ ತೆರೆದರೂ ಅಚ್ಚುಕಟ್ಟಾಗಿತ್ತು. ತೂಬಿನ ಬಾಗಿಲು ಯಾವಾಗಲೂ ‘ಮುಂದಿನ ವಾರದಿಂದ’.

ತೂಬಿನ ಬಾಗಿಲು ಯಾಕೆ ಶುರುವಾಗುತ್ತಿರಲಿಲ್ಲ? ಅದನ್ನು ಮಾಡಿಕೊಡುವವರು ಚಿಂತಾಮಣಿಯ ವೆಲ್ಡಿಂಗ್ ಅಂಗಡಿಯವರು. ಅವರಿಗೆ ಅಳತೆ ಬೇಕು. ಅಳತೆ ತೆಗೆಯಬೇಕಾದರೆ ತೂಬಿನ ಬಾಯಿ ಕಾಣಬೇಕು. ಅದು ಆಳೆತ್ತರದ ಹೂಳಿನ ಕೆಳಗಿತ್ತು. ಹೂಳೆತ್ತುವ ಜೆಸಿಬಿ ನಿಂತಿದ್ದದ್ದು ಕೆರೆಯ ಹಿಂಬದಿಯಲ್ಲಿ, ಯಾಕೆಂದರೆ ಗೋಡು ಮಣ್ಣು, ಅಂದರೆ ಕೆರೆಯ ಹೂಳು, ಬೇಕಾದ ರೈತರ ಹೊಲಗಳು ಆ ಕಡೆ, ಟ್ರ್ಯಾಕ್ಟರ್‌ಗಳು ಬರುತ್ತಿದ್ದದ್ದೂ ಆ ಕಡೆಯಿಂದ. ಏರಿಯ ಹತ್ತಿರ, ತೂಬಿನ ಹತ್ತಿರ, ಕೊನೆಗೆ ತೆಗೆಯೋಣ ಅಂತ ಎಲ್ಲರ ಮನಸ್ಸಿನಲ್ಲೂ ಇತ್ತು. ನನ್ನ ಹಾಳೆಯಲ್ಲಿ ಹೂಳೆತ್ತುವುದು ಒಂದು ಪಟ್ಟಿ, ತೂಬು ಇನ್ನೊಂದು ಪಟ್ಟಿ. ಎರಡರ ನಡುವೆ ಒಂದು ಬಾಣದ ಗುರುತು ಇರಬೇಕಿತ್ತು, ಇರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಒಂದು ರಾತ್ರಿ ಸುರಿದ ಮಳೆಗೆ ಕೆರೆಗೆ ನೀರು ಬಂತು. ವರ್ಷಗಳ ಮೇಲೆ ಬಂದ ನೀರು. ಬೆಳಗ್ಗೆ ಊರೆಲ್ಲ ಏರಿಯ ಮೇಲೆ. ಮಧ್ಯಾಹ್ನದ ಹೊತ್ತಿಗೆ ತೂಬಿನಿಂದ ನೀರು ಹೊರಗೆ ಹೋಗುತ್ತಿರುವುದು ಗೊತ್ತಾಯಿತು. ಹಳೆಯ ಮರದ ಬಾಗಿಲು ಕೊಳೆತಿತ್ತು, ಹೊಸದು ಬಂದಿರಲಿಲ್ಲ. ಮರಳು ಚೀಲ ಇಳಿಸಿದೆವು, ಜೇಡಿಮಣ್ಣು ತುಂಬಿದೆವು, ಹುಡುಗರು ಎದೆಮಟ್ಟ ನೀರಿಗೆ ಇಳಿದರು. ನಿಲ್ಲುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಆ ಊರಿನ ನೀರುಗಂಟಿ, ಅಂದರೆ ಕೆರೆಯ ನೀರು ಬಿಡುವ ಹೊಣೆ ಹೊತ್ತವರು, ವಯಸ್ಸಾದವರು, ನಾನು ತಾತ ಅನ್ನುತ್ತಿದ್ದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ‘ತೂಬಿನ ತಾವ ಮೊದ್ಲು ತೆಗೀಬೇಕಿತ್ತಲ್ಲ ಮೇಡಮ್ಮ’ ಅಂದರು. ಅಷ್ಟೇ. ಈ ಮಾತು ಅವರಿಗೆ ಮಾರ್ಚ್‌ನಲ್ಲೇ ಗೊತ್ತಿತ್ತು. ನಾನು ಅವರನ್ನು ಕೇಳುವಂಥ ಜಾಗವೇ ನನ್ನ ಹಾಳೆಯಲ್ಲಿ ಇರಲಿಲ್ಲ. ಅದು ನನ್ನ ಲ್ಯಾಪ್‌ಟಾಪ್ ಒಳಗಿತ್ತು.

ಆಮೇಲೆ ಒಂದು ದಿನ ಕೂತು, ಶನಿವಾರಗಳ ಮೇಲ್‌ಗಳನ್ನೆಲ್ಲ ತೆಗೆದು, ಒಂದೊಂದು ಹಾಳೆ ಪ್ರಿಂಟ್ ಹಾಕಿ ನೆಲದ ಮೇಲೆ ಸಾಲಾಗಿ ಇಟ್ಟೆ. ತೂಬಿನ ಪಟ್ಟಿಯನ್ನು ಹನ್ನೊಂದು ಸಲ ಮುಂದಕ್ಕೆ ಎಳೆದಿದ್ದೆ. ಹನ್ನೊಂದು ವಾರ! ಒಂದೊಂದೇ ಹಾಳೆ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಎಲ್ಲವೂ ಸರಿಯಾಗೇ ಇದೆ. ಸಾಲಾಗಿ ಇಟ್ಟಾಗ ಆ ಪಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಬಲಕ್ಕೆ ಜಾರಿರುವುದು ಕಣ್ಣಿಗೆ ಹೊಡೆಯಿತು. ಮೊದಲ ಗೆರೆಯನ್ನು ಅಲ್ಲೇ ಬಿಟ್ಟು ಪಕ್ಕದಲ್ಲಿ ಎರಡನೆಯದನ್ನು ಎಳೆದಿದ್ದರೆ ಮೂರನೇ ವಾರಕ್ಕೇ ಯಾರಾದರೂ ಕೇಳುತ್ತಿದ್ದರು. ಅಟ್ಟದ ಮೇಲಿನ ಕ್ಯಾಲೆಂಡರ್‌ಗಳು ನೆನಪಾದದ್ದು ಆಗ.

ಎರಡನೇ ಕೆರೆಗೆ ಬಂದಾಗ ನಾವು ಬೇರೆ ಥರ ಮಾಡಿದೆವು. ಇದನ್ನು ಸ್ವಲ್ಪ ವಿವರವಾಗಿ ಹೇಳ್ತೀನಿ, ನಿಮಗೆ ನಾಳೆಯೇ ಬೇಕಾಗಬಹುದು.

ಮೊದಲು ಗೋಡೆ. ಕಚೇರಿಯ ಗೋಡೆ ಬೇಡ ಅಂತ ತೀರ್ಮಾನಿಸಿ ಹಾಲಿನ ಡೈರಿಯ ಜಗಲಿಯ ಗೋಡೆ ಕೇಳಿದೆವು. ಬೆಳಗ್ಗೆ ಸಂಜೆ ಊರಿನ ಅರ್ಧ ಜನ ಕ್ಯಾನು ಹಿಡಿದು ಅಲ್ಲೇ ಸಾಲು ನಿಲ್ಲುತ್ತಾರೆ. ಅಲ್ಲಿ ಕಂದು ಬಣ್ಣದ ಪ್ಯಾಕಿಂಗ್ ಪೇಪರ್ ಉದ್ದಕ್ಕೆ ಅಂಟಿಸಿದೆವು. ಒಂದು ವಾರಕ್ಕೆ ಒಂದು ಗೇಣು. ಮಾರ್ಚ್ ಮಧ್ಯದಿಂದ ಜುಲೈ ಕೊನೆವರೆಗೆ 20 ವಾರ, 20 ಗೇಣು. ಆಮೇಲೆ ಆಗಸ್ಟ್‌ಗೆ ನಾಲ್ಕು ಗೇಣು ಖಾಲಿ. ಗೋಡೆ ಸಾಲದೆ ಮೂಲೆ ತಿರುಗಿಸಬೇಕಾಯಿತು. ಗೇಣು ಅಂತ ಯಾಕೆ ಹೇಳ್ತಿದ್ದೀನಿ ಅಂದರೆ, ನಾಲ್ಕು ಮಾರು ದೂರದಿಂದ ಕಾಣುವಷ್ಟು ದೊಡ್ಡದಿರಬೇಕು. ಮೊಬೈಲ್‌ನಲ್ಲಿ ಬೆರಳಿಟ್ಟು ಹಿಗ್ಗಿಸಿ ನೋಡುವ ಚಾರ್ಟಿನ ಮುಂದೆ ನಾಲ್ಕು ಜನ ನಿಂತು ಜಗಳ ಆಡೋಕಾಗಲ್ಲ. ಜಗಳ ಆಗಬೇಕು, ಅದಕ್ಕೇ ಚಾರ್ಟು.

ಬರೆಯುವುದು ಕೊನೆಯಿಂದ. ಜುಲೈ ಕೊನೆಯ ಗೇಣಿನಲ್ಲಿ ಒಂದು ಚೀಟಿ: ‘ತೂಬು ಮುಚ್ಚಿ ತೆಗೆದು ನೋಡಿದ್ದೇವೆ’. ಅದಕ್ಕೆ ಮುಂಚೆ ಏನಾಗಿರಬೇಕು? ಬಾಗಿಲು ಕೂತಿರಬೇಕು. ಅದಕ್ಕೆ ಮುಂಚೆ? ಬಾಗಿಲು ಚಿಂತಾಮಣಿಯಿಂದ ಬಂದಿರಬೇಕು. ಅದಕ್ಕೆ ಮುಂಚೆ? ಅಳತೆ ಹೋಗಿರಬೇಕು. ಹೀಗೆ ಹಿಂದಕ್ಕೆ ಹಿಂದಕ್ಕೆ ಬಂದರೆ ಮರೆತುಹೋಗುವ ಕೆಲಸಗಳು ತಾವಾಗಿಯೇ ಎದ್ದು ಬರುತ್ತವೆ. ಮುಂದಕ್ಕೆ ಬರೆದುಕೊಂಡು ಹೋದರೆ ಮನಸ್ಸು ಗೊತ್ತಿರುವ ಕೆಲಸಗಳನ್ನೇ ಪೋಣಿಸುತ್ತದೆ.

ಚೀಟಿಯಲ್ಲಿ ಬರೆಯುವ ಮಾತು ಕಣ್ಣಿಗೆ ಕಾಣುವ, ಕೈಗೆ ಸಿಗುವ ಒಂದು ವಸ್ತುವಿನಲ್ಲಿ ಮುಗಿಯಬೇಕು. ‘ತೂಬಿನ ಕೆಲಸ’ ಅಂತ ಬರೆದರೆ ಅದು ಯಾವತ್ತೂ ನಡೆಯುತ್ತಲೇ ಇರುತ್ತದೆ. ‘ತೂಬಿನ ಬಾಯಿಯ ಅಳತೆ ಚೀಟಿ ವೆಲ್ಡಿಂಗ್ ಅಂಗಡಿ ಕೈಗೆ’ ಅಂತ ಬರೆದರೆ ಕೊಟ್ಟಿದ್ದೀರೋ ಇಲ್ಲವೋ, ಎರಡೇ ಉತ್ತರ. ಮುಕ್ಕಾಲು ಆಗಿದೆ, ತೊಂಬತ್ತು ಪರ್ಸೆಂಟ್ ಆಗಿದೆ ಅನ್ನುವ ಮಾತನ್ನು ನಮ್ಮ ಗೋಡೆ ಒಪ್ಪುವುದಿಲ್ಲ. ಆಗಿದ್ದರೆ ಚೀಟಿಯ ಮೇಲೆ ಒಂದು ಅಡ್ಡಗೆರೆ, ಇಲ್ಲದಿದ್ದರೆ ಇಲ್ಲ. ಚೀಟಿ ದೊಡ್ಡದಾಯಿತು ಅನ್ನಿಸಿದರೆ ಹರಿದು ಎರಡು ಮಾಡಿ. ಎರಡು ವಾರಕ್ಕಿಂತ ಉದ್ದದ ಚೀಟಿ ಇದ್ದರೆ ಅದರೊಳಗೆ ಇನ್ನೂ ಯೋಚನೆ ಮಾಡದ ಕೆಲಸ ಅಡಗಿದೆ ಅಂತಲೇ ಅರ್ಥ. ಇದು ನನ್ನ ಅನುಭವ.

ಪ್ರತಿ ಚೀಟಿಯ ಕೆಳಗೆ ಎರಡು ಹೆಸರು, ಯಾರು ಮಾಡುತ್ತಾರೆ, ಮುಗಿಸಿ ಯಾರ ಕೈಗೆ ಕೊಡುತ್ತಾರೆ. ಅಡಾಮಿಯೆಟ್ಸ್ಕಿಯ ಪಾಠ. ಇದನ್ನು ಬರೆಯುವಾಗಲೇ ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ‘ಅಳತೆ ನೀವು ತಗೋತೀರ ಅಂದ್ಕೊಂಡಿದ್ದೆ’, ‘ನಾನು ನೀವು ಅಂದ್ಕೊಂಡಿದ್ದೆ’. ಇದು ಮಾರ್ಚ್‌ನಲ್ಲಿ ಆಗಬೇಕಾದ ಮಾತು, ಸೆಪ್ಟೆಂಬರ್‌ನಲ್ಲಿ ಅಲ್ಲ.

ಎಲ್ಲ ಚೀಟಿ ಕೂತ ಮೇಲೆ, ಒಂದೊಂದರ ಕೆಳಗೆ ನೀಲಿ ಮಾರ್ಕರ್‌ನಿಂದ ಕಾಗದದ ಮೇಲೇ ಗೆರೆ ಎಳೆದೆವು. ಚೀಟಿ ಪಿನ್ನಿನಲ್ಲಿರುತ್ತದೆ, ಜರುಗಿಸಬಹುದು. ನೀಲಿ ಗೆರೆ ಜರುಗುವುದಿಲ್ಲ. ಅದು ಮಾರ್ಚ್‌ನಲ್ಲಿ ನಾವು ಹೇಳಿದ ಮಾತು. ಕೊನೆಗೆ ಒಂದು ಕೆಂಪು ದಾರ, ಕೆಳತುದಿಗೆ ಒಂದು ಸಣ್ಣ ಕಲ್ಲು ಕಟ್ಟಿ, ಮೇಲಿನಿಂದ ನೇರಕ್ಕೆ ಇಳಿಬಿಟ್ಟೆವು. ಅದು ಇವತ್ತು. ಪ್ರತಿ ಸೋಮವಾರ ಬೆಳಗ್ಗೆ ಹಾಲು ಹಾಕಿ ಆದ ಮೇಲೆ ದಾರ ಒಂದು ಗೇಣು ಬಲಕ್ಕೆ. ದಾರದ ಎಡಗಡೆ ಅಡ್ಡಗೆರೆ ಬೀಳದ ಚೀಟಿ ಇದ್ದರೆ, ಅದರ ಮೇಲೆ ಹೆಸರಿರುವವರು ತಮ್ಮ ಕೈಯಿಂದಲೇ ಅದನ್ನು ಕಿತ್ತು ಬಲಕ್ಕೆ ಚುಚ್ಚಬೇಕು. ನಾನು ಚುಚ್ಚುವುದಿಲ್ಲ. ಕಾರಣ ಕೇಳುತ್ತೇವೆ, ಬೈಯುವುದಿಲ್ಲ. ಕಾಲು ಗಂಟೆ, ಎಲ್ಲರೂ ನಿಂತೇ.

ನಾಲ್ಕನೇ ಸೋಮವಾರ ತೂಬಿನ ಚೀಟಿ ತನ್ನ ನೀಲಿ ಗೆರೆಯಿಂದ ಎರಡು ಗೇಣು ದೂರ ಬಂದಿತ್ತು. ಕಾರಣ ಅದೇ ಹಳೆಯದು, ಜೆಸಿಬಿ ಹಿಂಬದಿಯಲ್ಲೇ ಇತ್ತು. ಈ ಸಲ ನಾನು ಏನೂ ಹೇಳಬೇಕಾಗಲಿಲ್ಲ. ಕ್ಯಾನು ಕೆಳಗಿಟ್ಟು ನೋಡುತ್ತಿದ್ದ ರೈತರೊಬ್ಬರು, ಮಣ್ಣಿಗೆ ಸರದಿಯಲ್ಲಿ ಮೊದಲಿದ್ದವರೇ, ಗೋಡೆ ತೋರಿಸಿ, ‘ಇದು ಇಲ್ಲಿ ನಿಂತ್ರೆ ಅದೂ ನಿಲ್ತದೆ, ಅದು ನಿಂತ್ರೆ ಎಲ್ಲಾ ನಿಲ್ತದೆ. ತೂಬಿನ ತಾವ ತೆಗೀಲಿ ಬಿಡಿ, ನಮ್ಮ ಹೊಲಕ್ಕೆ ಮುಂದಿನ ವಾರ ಹೊಡೆದ್ರಾಯ್ತು’ ಅಂದರು. ಮರುದಿನ ಜೆಸಿಬಿ ಏರಿ ಹತ್ತಿರ ಬಂತು. ನೀವು ಪುಸ್ತಕದಲ್ಲಿ ಕ್ರಿಟಿಕಲ್ ಪಾತ್ ಅಂತ ಓದುವುದು ಇದನ್ನೇ. ಯಾವ ಸಾಲಿನಲ್ಲಿ ಒಂದು ದಿನ ತಡವಾದರೆ ಇಡೀ ಕೆಲಸ ಒಂದು ದಿನ ತಡವಾಗುತ್ತದೋ ಆ ಸಾಲು. ಕಾಲುವೆ ಬಿಡಿಸುವುದು ಎರಡು ವಾರ ತಡವಾಗಿತ್ತು, ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಕೆಡಿಸಿಕೊಳ್ಳಬೇಕಾಗಿಯೂ ಇರಲಿಲ್ಲ. ಅದರ ಮೇಲೆ ಯಾವುದೂ ಕಾದಿರಲಿಲ್ಲ.

ಇಲ್ಲಿ ಮತ್ತೆ ರೇಷ್ಮೆಗೆ ಹೋಗಬೇಕು, ಚಾರ್ಟು ಹೇಳದ ಒಂದು ವಿಷಯ ಇದೆ. ಗೆರೆಯ ಉದ್ದ ದಿನವನ್ನು ಹೇಳುತ್ತದೆ, ಭಾರವನ್ನು ಹೇಳುವುದಿಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಹಣ್ಣಾಗುವವರೆಗಿನ ಒಂದು ವಾರ ಇದೆಯಲ್ಲ, ಹುಳುವಿನ ಐದನೇ ಹಂತ, ಇಡೀ ಬೆಳೆ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಹೆಚ್ಚು ಆ ವಾರದಲ್ಲೇ ಖರ್ಚು. ರಾತ್ರಿ ಮನೆಯಲ್ಲಿ ಹುಳು ಸೊಪ್ಪು ಮೇಯುವ ಸದ್ದು ಸೋನೆ ಮಳೆಯ ಹಾಗೆ ಕೇಳುತ್ತದೆ. ಆ ವಾರ ನಮ್ಮ ಮನೆಯಲ್ಲಿ ಯಾರೂ ನೆಂಟರ ಮದುವೆಗೆ ಹೋಗುತ್ತಿರಲಿಲ್ಲ. ಆಮೇಲೆ ಹಣ್ಣಾದ ಹುಳುವನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಬಿಡುವ ದಿನ ಊರಲ್ಲಿ ಸಿಗುವ ಕೈಗಳೆಲ್ಲ ಬೇಕು, ಹೊತ್ತು ಮೀರಿದರೆ ಹುಳು ಸಿಕ್ಕ ಕಡೆ ನೂಲು ಬಿಟ್ಟುಬಿಡುತ್ತದೆ. ಗೂಡು ಬಿಡಿಸಿದ ಮೇಲೂ ಮಾರುಕಟ್ಟೆಗೆ ಹಾಕದೆ ದಿನಗಟ್ಟಲೆ ಇಟ್ಟರೆ ಚಿಟ್ಟೆ ಕೊರೆದು ಹೊರಬರುತ್ತದೆ, ಆ ಗೂಡಿನಿಂದ ಎಳೆ ಬಿಚ್ಚಲು ಆಗುವುದಿಲ್ಲ. ಆದ್ದರಿಂದ ನಿಮ್ಮ ಚಾರ್ಟಿನಲ್ಲಿ ಐದನೇ ಹಂತದ ವಾರ ಯಾವುದು ಅಂತ ಹುಡುಕಿ, ಅದಕ್ಕೆ ಗೆರೆ ದಪ್ಪ ಮಾಡಿ. ಆ ವಾರ ಇಂಟರ್ನಲ್ ಟೆಸ್ಟ್ ಬಿದ್ದಿದೆಯಾ ನೋಡಿ.

ಈಗ ಅಂದಾಜಿನ ಮಾತು. ನಾವು ಯಾಕೆ ಯಾವಾಗಲೂ ಕಡಿಮೆ ದಿನ ಹೇಳುತ್ತೇವೆ? ಸೋಮಾರಿತನದಿಂದಲ್ಲ. ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ ಅನ್ನುವ ಇಬ್ಬರು ಮನೋವಿಜ್ಞಾನಿಗಳು 1979ರಲ್ಲಿ ಇದಕ್ಕೆ ಪ್ಲಾನಿಂಗ್ ಫ್ಯಾಲಸಿ ಅಂತ ಹೆಸರಿಟ್ಟರು. ಕೆಲಸ ಹೇಗೆ ನಡೆಯುತ್ತದೆ ಅಂತ ಮನಸ್ಸಿನಲ್ಲಿ ಒಂದು ಕತೆ ಕಟ್ಟಿಕೊಂಡು ಆ ಕತೆಯ ದಿನ ಎಣಿಸುತ್ತೇವೆ. ಇಂಥದೇ ಕೆಲಸಗಳಿಗೆ ಹಿಂದೆ ಎಷ್ಟು ದಿನ ಹಿಡಿದಿತ್ತು ಅಂತ ನೋಡುವುದಿಲ್ಲ. ಸಿಡ್ನಿಯ ಒಪೆರಾ ಹೌಸ್ ಚಿತ್ರ ನೀವೆಲ್ಲ ನೋಡಿದ್ದೀರಿ. 1963ಕ್ಕೆ ಮುಗಿಯಬೇಕಿತ್ತು, ಬಾಗಿಲು ತೆರೆದದ್ದು 1973ರಲ್ಲಿ. 70 ಲಕ್ಷ ಡಾಲರ್ ಅಂದಾಜು 10 ಕೋಟಿ 20 ಲಕ್ಷಕ್ಕೆ ಹೋಯಿತು. ಅದನ್ನು ಕಟ್ಟಿದವರೂ ಜಾಣರೇ.

ಇದಕ್ಕೆ ಆ ಮನೋವಿಜ್ಞಾನಿಗಳು ಹೇಳಿದ ಮದ್ದು ಹಿಂದಿನ ಕೆಲಸಗಳ ನಿಜವಾದ ದಿನಗಳನ್ನು ನೋಡುವುದು. ಅಮ್ಮ ಅಟ್ಟದಿಂದ ಇಳಿಸುತ್ತಿದ್ದ ಕ್ಯಾಲೆಂಡರ್ ಅದೇ ತಾನೆ? ಹಳೆಯ ಗೆರೆ ಅಳಿಸಿದವರಿಗೆ ಈ ಮದ್ದು ಸಿಗುವುದಿಲ್ಲ. ಎಕ್ಸೆಲ್‌ನಲ್ಲಿ ಮುಗಿದ ದಿನವನ್ನು ಯೋಜನೆಯ ದಿನದ ಮೇಲೆಯೇ ಬರೆದುಬಿಟ್ಟರೆ, ಮುಂದಿನ ಕೆರೆಗೆ, ಮುಂದಿನ ಬ್ಯಾಚಿನ ಪ್ರಾಜೆಕ್ಟಿಗೆ, ಎಷ್ಟು ಸೇರಿಸಬೇಕು ಅಂತ ಯಾವ ಆಧಾರದ ಮೇಲೆ ಹೇಳುತ್ತೀರಿ? ನಮ್ಮ ಎರಡನೇ ಕೆರೆಯ ಗೋಡೆಯಿಂದ ನಾವು ಕಲಿತದ್ದು ಇಷ್ಟು: ಊರಿನವರ ಕೈಯಲ್ಲಿದ್ದ ಕೆಲಸಗಳು ಹೆಚ್ಚು ಕಡಿಮೆ ನೀಲಿ ಗೆರೆಯ ಮೇಲೇ ಮುಗಿದಿದ್ದವು, ಸಹಿಗೆ ಹೋದ ಕಾಗದಗಳು ಮಾತ್ರ ಹೇಳಿದ್ದಕ್ಕಿಂತ ಎರಡು ಪಟ್ಟು ತೆಗೆದುಕೊಂಡಿದ್ದವು. ಮೂರನೇ ಕೆರೆಯಲ್ಲಿ ಸಹಿಯ ಚೀಟಿಗೆ ಮೊದಲೇ ಎರಡು ಪಟ್ಟು ಗೇಣು ಕೊಟ್ಟೆವು.

ತಡವಾಗಿದೆ ಅಂತ ಗೊತ್ತಾದ ಕೂಡಲೇ ಜನ ಸೇರಿಸಲು ಓಡಬೇಡಿ. ಐಬಿಎಂನಲ್ಲಿ ಬಹು ದೊಡ್ಡ ಸಾಫ್ಟ್‌ವೇರ್ ಕೆಲಸ ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿಟ್ಟ ಮಾತು, ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಹೊಸಬರನ್ನು ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ. ಹೊಸಬರಿಗೆ ಕಲಿಸುವುದು ಕೆಲಸ ಬಲ್ಲವರ ಹೊತ್ತಿನಿಂದಲೇ ಹೋಗುತ್ತದೆ. ಹೂಳೆತ್ತಲು ಇನ್ನೊಂದು ಟ್ರ್ಯಾಕ್ಟರ್ ತಂದರೆ ಹೂಳು ಬೇಗ ಹೋಗುತ್ತದೆ, ಅದು ನಿಜ. ಕೋಡ್ ಬರೆಯುವುದು ಹೂಳೆತ್ತುವಂಥ ಕೆಲಸವಲ್ಲ. ನಿಮ್ಮ ಚೀಟಿ ಯಾವ ಜಾತಿಯದು ಅಂತ ನೋಡಿಕೊಂಡು ತೀರ್ಮಾನ ಮಾಡಿ.

ವಿದ್ಯಾರ್ಥಿಗಳಿಗೆ ಒಂದು ಉದಾಹರಣೆ. ಇಲ್ಲಿ ಮುಂದೆ ಕೂತಿರುವ ತಂಡ ಬೆಳಗ್ಗೆ ನನಗೆ ತಮ್ಮ ಚಾರ್ಟ್ ತೋರಿಸಿತು. ಮಣ್ಣಿನ ತೇವ ಅಳೆದು ಹನಿ ನೀರಾವರಿಯ ವಾಲ್ವ್ ತಾನೇ ತೆರೆಯುವ ಯಂತ್ರ, ಟೊಮೆಟೊ ಬೆಳೆಗೆ. ಒಳ್ಳೆಯ ಕೆಲಸ, ನಮ್ಮ ಸೀಮೆಗೆ ಬೇಕಾದದ್ದು. ಚಾರ್ಟಿನಲ್ಲಿ ‘ಸಾಹಿತ್ಯ ಸಮೀಕ್ಷೆ’ ಎರಡು ತಿಂಗಳು, ‘ಹಾರ್ಡ್‌ವೇರ್’ ಎರಡು ತಿಂಗಳು, ‘ಪರೀಕ್ಷೆ’ ಒಂದು ತಿಂಗಳು, ‘ರಿಪೋರ್ಟ್’ ಎರಡು ವಾರ. ನಾನು ಕೇಳಿದ್ದು ಒಂದೇ ಪ್ರಶ್ನೆ, ಪರೀಕ್ಷೆ ಯಾರ ಹೊಲದಲ್ಲಿ? ಒಬ್ಬರ ದೊಡ್ಡಪ್ಪನ ಹೊಲದಲ್ಲಂತೆ. ಆ ಹೊಲದಲ್ಲಿ ನಾಟಿ ಯಾವಾಗ? ಗೊತ್ತಿಲ್ಲ. ಟೊಮೆಟೊ ನಾಟಿಯಿಂದ ಮೊದಲ ಕೊಯ್ಲಿಗೆ ಎರಡೂವರೆ ತಿಂಗಳ ಹತ್ತಿರ. ನಿಮ್ಮ ಯಂತ್ರ ಹೊಲಕ್ಕೆ ಹೋಗುವ ಹೊತ್ತಿಗೆ ಗಿಡ ಕಿತ್ತಾಗಿದ್ದರೆ? ನಿಮ್ಮ ಚಾರ್ಟಿನ ಮೊದಲ ಚೀಟಿ ಸಮೀಕ್ಷೆಯಲ್ಲ, ‘ದೊಡ್ಡಪ್ಪನನ್ನು ಕೇಳಿ ನಾಟಿಯ ತಾರೀಖು ತಿಳಿದುಕೊಂಡೆವು’. ಅದು ಇವತ್ತು ಸಂಜೆ ಒಂದು ಫೋನಿನಲ್ಲಿ ಮುಗಿಯುತ್ತದೆ. ರಿಪೋರ್ಟನ್ನು ಕೊನೆಯ ಎರಡು ವಾರಕ್ಕೆ ತಳ್ಳಬೇಡಿ. ಪ್ರತಿ ಚೀಟಿ ಮುಗಿದಾಗ ಅದರ ಅರ್ಧ ಪುಟ ಬರೆದುಬಿಡಿ.

ಆಪ್‌ಗಳ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಗೂಗಲ್ ಶೀಟ್ ಸಾಕು, ಗ್ಯಾಂಟ್‌ಪ್ರಾಜೆಕ್ಟ್ ಅಂತ ಉಚಿತ ತಂತ್ರಾಂಶವೂ ಇದೆ, ಅದರಲ್ಲಿ ಬಾಣಗಳನ್ನೂ ಎಳೆಯಬಹುದು. ತಂಡ ಬೇರೆ ಬೇರೆ ಊರಿನಲ್ಲಿದ್ದರೆ ಅದೇ ದಾರಿ. ಒಂದು ಎಚ್ಚರಿಕೆ, ‘ಯೋಜನೆಯ ದಿನ’ ಮತ್ತು ‘ನಿಜವಾದ ದಿನ’ ಅಂತ ಎರಡು ಕಾಲಂ ಬೇರೆ ಬೇರೆ ಇರಲಿ, ಮೊದಲನೆಯದಕ್ಕೆ ಬೀಗ ಹಾಕಿ. ಒಂದೇ ಕಾಲೇಜಿನಲ್ಲಿದ್ದರೆ ಗೋಡೆಯೇ ಮೇಲು. ನಾವು ಪ್ರತಿ ಸೋಮವಾರ ದಾರ ಜರುಗಿಸಿದ ಮೇಲೆ ಗೋಡೆಯ ಒಂದು ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆವು. ವಾಟ್ಸಾಪ್‌ನಲ್ಲಿ ಮಾತು ಮೇಲಕ್ಕೆ ಹೋಗಿ ಮುಳುಗುತ್ತದೆ, ಅದನ್ನು ನಂಬಿ ಕೆಲಸ ನಡೆಸಲಾಗದು. ಆದರೆ 24 ಸೋಮವಾರದ 24 ಫೋಟೋ ಸಾಲಾಗಿ ನೋಡಿದರೆ ಕೆಲಸ ನಡೆದದ್ದೇ ಕಾಣುತ್ತದೆ.

ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ, ತಡವಾದದ್ದನ್ನು ಹೀಗೆ ಬಹಿರಂಗವಾಗಿ ತೋರಿಸಿದರೆ ಹಣ ಕೊಟ್ಟವರು ಸುಮ್ಮನಿರುತ್ತಾರಾ ಅಂತ. ನನಗೂ ಆ ಭಯ ಇತ್ತು. ಎರಡನೇ ಕೆರೆಯಲ್ಲಿ ನಾಲ್ಕನೇ ವಾರದ ಫೋಟೋವನ್ನೇ, ಎರಡು ಗೇಣು ಜಾರಿದ ತೂಬಿನ ಚೀಟಿ ಸಮೇತ, ಅವರಿಗೆ ಕಳಿಸಿದೆ. ಜೊತೆಗೆ ಏನು ಬದಲಾಯಿಸಿದ್ದೇವೆ ಅಂತ ಎರಡು ಸಾಲು. ಅವರು ಮರುದಿನ ಫೋನ್ ಮಾಡಿ ಕೇಳಿದ್ದು, ಬಾಗಿಲಿಗೆ ಮುಂಗಡ ಬೇಗ ಬಿಡುಗಡೆ ಮಾಡಿದರೆ ಅನುಕೂಲವಾಗುತ್ತದಾ ಅಂತ. ಎಲ್ಲರೂ ಹಾಗೇ ಇರುತ್ತಾರೆ ಅಂತ ನಾನು ಮಾತು ಕೊಡಲಾರೆ. ಏಪ್ರಿಲ್‌ನಲ್ಲಿ ಗೊತ್ತಾದ ತಡಕ್ಕೆ ಏನಾದರೂ ಮಾಡಬಹುದು, ಸೆಪ್ಟೆಂಬರ್‌ನಲ್ಲಿ ಗೊತ್ತಾದದ್ದಕ್ಕೆ ಮರಳು ಚೀಲ ಇಳಿಸಬಹುದು. ಅಷ್ಟು ಮಾತ್ರ ನನಗೆ ಗೊತ್ತಿರುವುದು.

ಇನ್ನೊಂದು ಪ್ರಶ್ನೆ, ಓದು ಬಾರದವರಿಗೆ ಈ ಗೋಡೆ ಏನು ಹೇಳುತ್ತದೆ? ಇದು ನಮಗೂ ಎದುರಾಯಿತು. ಎರಡನೇ ಊರಿನ ನೀರುಗಂಟಿಗೂ ಓದು ಬರುತ್ತಿರಲಿಲ್ಲ. ಮೇಲೆ ಬರೆದ ಮಾರ್ಚ್, ಏಪ್ರಿಲ್ ಅವರಿಗೆ ಬೇಕಿರಲಿಲ್ಲ. ‘ಯಾವ ಮಳೆ ಎಲ್ಲಿ ಬರ್ತದೆ ಅದನ್ನ ಹಾಕ್ರಿ’ ಅಂದರು. ಸರಿಯೇ ಅಲ್ಲವೇ? ನಮ್ಮ ಹಿರಿಯರು ಹಿಡಿದದ್ದು ತಿಂಗಳನ್ನಲ್ಲ, ಮಳೆ ನಕ್ಷತ್ರವನ್ನು. ಒಂದೊಂದು ಮಳೆ ಹದಿಮೂರು ಹದಿನಾಲ್ಕು ದಿನ, ನಮ್ಮ ಲೆಕ್ಕದಲ್ಲಿ ಎರಡೆರಡು ಗೇಣು. ತಿಂಗಳ ಸಾಲಿನ ಕೆಳಗೆ ಇನ್ನೊಂದು ಸಾಲು ಎಳೆದು ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ ಅಂತ ಬರೆದೆವು. ಅವರು ಪ್ರತಿಯೊಂದು ಎಲ್ಲಿದೆ ಅಂತ ಒಂದು ಸಲ ಕೇಳಿ ಬೆರಳಿಟ್ಟು ನೋಡಿಕೊಂಡರು. ಆಮೇಲೆ ಯಾರನ್ನೂ ಕೇಳಲಿಲ್ಲ. ಚೀಟಿಗಳಿಗೆ ಮೂಲೆಯಲ್ಲಿ ಚಿತ್ರ ಬಿಡಿಸಿದೆವು: ಟ್ರ್ಯಾಕ್ಟರ್, ಕೊಡಲಿ, ತೂಬಿನ ಕಲ್ಲು. ಅವರು ದಿನಾ ಬೆಳಗ್ಗೆ ಬಂದು, ಕೆಂಪು ದಾರ ಹಿಡಿದು, ಅಲ್ಲಿಂದ ಹುಬ್ಬ ಮಳೆಯವರೆಗೆ ಉಳಿದ ಚೀಟಿಗಳನ್ನು ಬೆರಳ ಗೆಣ್ಣಿನಲ್ಲಿ ಎಣಿಸುತ್ತಿದ್ದರು. ಒಂದು ದಿನ ಡೈರಿಯವರ ಹತ್ತಿರ ಚೀಟಿ ಕೇಳಿ ತೆಗೆದುಕೊಂಡು, ಅದರ ಮೇಲೆ ಒಂದು ಸುತ್ತು ಬರೆದು, ಪುನರ್ವಸು ಮಳೆಯ ಕೆಳಗೆ ತಾವೇ ಚುಚ್ಚಿದರು. ಏನು ತಾತ ಇದು ಅಂದೆ. ‘ಬಾಗ್ಲು ಕೂರಿಸಿದ್ಮೇಲೆ ನಾನು ಒಳಗೆ ಇಳಿದು ನೋಡ್ಬೇಕು, ಅದು’ ಅಂದರು. ನಮ್ಮ ಯಾರ ತಲೆಗೂ ಹೊಳೆಯದಿದ್ದ ಚೀಟಿ. ಅವರು ಇಳಿದು ನೋಡಿದಾಗ ಕಲ್ಲಿನ ಸಂದಿನಲ್ಲಿ ಒಂದು ಕಡೆ ಗಾರೆ ಹಿಡಿದಿರಲಿಲ್ಲ. ಮೂರು ದಿನದಲ್ಲಿ ಸರಿ ಮಾಡಿದೆವು.

ಆ ಕಾಗದವನ್ನು ಬಿಚ್ಚಿ ಸುತ್ತಿ ಇಟ್ಟುಕೊಂಡಿದ್ದೇನೆ, ಇವತ್ತು ತಂದಿದ್ದೇನೆ. 24 ಗೇಣು, ಹದಿನೆಂಟು ಅಡಿ ಇದೆ, ಮೇಜಿನ ಮೇಲೆ ಹಿಡಿಸುವುದಿಲ್ಲ. ಇಬ್ಬರು ಬಂದು ಆ ತುದಿ ಹಿಡಿದುಕೊಳ್ಳಿ, ಇಬ್ಬರು ನಡುವೆ. ನಿಧಾನ, ಪಿನ್ನುಗಳು ಇನ್ನೂ ಹಾಗೇ ಇವೆ. ನೀಲಿ ಗೆರೆ ಎಲ್ಲಿದೆ, ಚೀಟಿ ಎಲ್ಲಿದೆ, ಹತ್ತಿರ ಬಂದು ನೋಡಿ. ಪುನರ್ವಸುವಿನ ಕೆಳಗೆ ಆ ಸುತ್ತು ಕಾಣುತ್ತದೆ.